ಪಾವತಿ ನಿಂತಾಗ, ಲಾಗಿನ್ ಕೈಕೊಟ್ಟಾಗ: ಆ್ಯಪ್ ತೆಗೆದುಹಾಕುವ ಮೊದಲು ನೋಡಬೇಕಾದದ್ದು

ಇಳಕಲ್ಲಿನಲ್ಲಾಗಲಿ, ಬಾಗಲಕೋಟೆಯ ನವನಗರದಲ್ಲಾಗಲಿ, ಮೊಬೈಲಿನಿಂದ ಹಣ ಹೋಗುತ್ತಿಲ್ಲವೆಂದು ಯಾರಾದರೂ ಹೇಳಿದರೆ ಪಕ್ಕದಲ್ಲಿದ್ದವರು ಕೊಡುವ ಮೊದಲ ಸಲಹೆ ಆ್ಯಪ್ ತೆಗೆದು ಮತ್ತೆ ಹಾಕಿ ಎಂಬುದೇ. ಒಮ್ಮೊಮ್ಮೆ ಇದರಿಂದ ಕೆಲಸ ಆಗುವುದುಂಟು. ಆದರೆ ಬಹಳ ಸಲ ಸಣ್ಣ ತೊಡಕು ದೊಡ್ಡದಾಗುತ್ತದೆ. ಆ್ಯಪ್ ಮತ್ತೆ ಹಾಕಿದ ಕೂಡಲೇ ಬ್ಯಾಂಕಿನೊಡನೆ ಹೊಸದಾಗಿ ನೋಂದಣಿ ಆಗಬೇಕಾಗುತ್ತದೆ, ಅದಕ್ಕೆ ಸರಿಯಾದ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಹೋಗಬೇಕಾಗುತ್ತದೆ, ಹೋದ ಮೇಲೂ ಮೊದಲ 24 ಗಂಟೆಗಳಲ್ಲಿ 5,000 ರೂಪಾಯಿಗಿಂತ ಹೆಚ್ಚು ಕಳಿಸಲು ಬ್ಯಾಂಕು ಬಿಡದಿರಬಹುದು. ಸಂತೆಯ ದಿನ ನೂಲಿನ ಅಂಗಡಿಯಲ್ಲಿ ದೊಡ್ಡ ಮೊತ್ತ ಕೊಡಬೇಕಾದವರು ಇದನ್ನು ತಿಳಿಯದೆ ಮಾಡಿಕೊಂಡರೆ ಆ ದಿನದ ವ್ಯವಹಾರವೇ ನಿಲ್ಲುತ್ತದೆ.

ಮಗ್ಗದ ಮೇಲೆ ಒಂದು ಎಳೆ ಕಡಿದರೆ ನೇಕಾರ ಇಡೀ ಹಾಸನ್ನು ಬಿಚ್ಚುವುದಿಲ್ಲ, ಕಡಿದ ಎಳೆಯನ್ನು ಹುಡುಕಿ ಗಂಟು ಹಾಕುತ್ತಾನೆ. ಇಲ್ಲಿಯೂ ಹುಡುಕಬೇಕಾದ ಎಳೆಗಳು ನಾಲ್ಕೇ: ಬ್ಯಾಂಕಿನಲ್ಲಿ ದಾಖಲಾದ ಮೊಬೈಲ್ ಸಂಖ್ಯೆ, ಆ ಸಂಖ್ಯೆಯ ಸಿಮ್, ಆ ಸಿಮ್ ಇರುವ ಫೋನು, ಮತ್ತು ಆ ಫೋನಿನ ಪರದೆಗೆ ಹಾಕಿದ ಬೀಗ. ಯುಪಿಐ ಪಾವತಿ ಈ ನಾಲ್ಕರ ಮೇಲೂ ನಿಂತಿದೆ. ಪಾಸ್‌ವರ್ಡ್ ಇಲ್ಲದ ಲಾಗಿನ್, ಅಂದರೆ ಪಾಸ್‌ಕೀ, ಮುಖ್ಯವಾಗಿ ಕೊನೆಯ ಎರಡರ ಮೇಲೆ ನಿಂತಿದೆ. ತೊಂದರೆ ಎದುರಾದಾಗ ಇವುಗಳಲ್ಲಿ ಇತ್ತೀಚೆಗೆ ಯಾವುದು ಬದಲಾಯಿತು ಎಂದು ಕೇಳಿಕೊಂಡರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಸಿಮ್ ಬದಲಿಸಿದಿರಾ, ಫೋನು ಬದಲಿಸಿದಿರಾ, ಮಕ್ಕಳು ಪ್ಯಾಟರ್ನ್ ತೆಗೆದುಹಾಕಿದರಾ, ರೀಚಾರ್ಜ್ ಮುಗಿಯಿತಾ?

ಹಣ ಕಡಿತವಾಗಿದೆ, ಅಂಗಡಿಗೆ ಮುಟ್ಟಿಲ್ಲ

ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವುದು ಇದು. ಗುಳೇದಗುಡ್ಡದ ಅಂಗಡಿಯೊಂದರಲ್ಲಿ ಖಣ ಕೊಂಡು 1,800 ರೂಪಾಯಿ ಕಳಿಸಿದ್ದೀರಿ, ಬ್ಯಾಂಕಿನಿಂದ ಕಡಿತದ ಸಂದೇಶ ಬಂದಿದೆ, ಆದರೆ ಗಲ್ಲೆಯ ಮೇಲಿನ ಸೌಂಡ್‌ಬಾಕ್ಸ್ ಬಾಯಿ ಬಿಟ್ಟಿಲ್ಲ ಎಂದುಕೊಳ್ಳಿ. ಆ ಡಬ್ಬಿಗೆ ತನ್ನದೇ ಸಿಮ್ ಅಥವಾ ವೈಫೈ ಸಂಪರ್ಕವಿರುತ್ತದೆ. ಅದರ ನೆಟ್‌ವರ್ಕ್ ಬಿದ್ದರೆ ಹಣ ಬಂದರೂ ಅದು ಸುಮ್ಮನಿರುತ್ತದೆ. ಹಾಗಾಗಿ ಅಂಗಡಿಯವರು ತಮ್ಮ ವ್ಯಾಪಾರಿ ಆ್ಯಪ್ ತೆರೆದೋ ಬ್ಯಾಂಕಿನ ಸಂದೇಶ ನೋಡಿಯೋ ಖಚಿತಪಡಿಸಿಕೊಳ್ಳಬೇಕು. ಗ್ರಾಹಕರು ತೋರಿಸುವ ಹಸಿರು ಟಿಕ್ಕಿನ ಸ್ಕ್ರೀನ್‌ಶಾಟನ್ನು ಮಾತ್ರ ನಂಬುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ, ಏಕೆಂದರೆ ಅಂಥ ಚಿತ್ರವನ್ನು ಹುಟ್ಟಿಸುವ ನಕಲಿ ಆ್ಯಪ್‌ಗಳೇ ಇವೆ.

ಗ್ರಾಹಕರ ಕಡೆಯಿಂದ ಮಾಡಬೇಕಾದದ್ದು, ಆ್ಯಪಿನ ವಹಿವಾಟಿನ ಪಟ್ಟಿಯಲ್ಲಿ ಆ ಪಾವತಿಯನ್ನು ತೆರೆದು ಅದು ಯಶಸ್ವಿ ಎಂದಿದೆಯೋ, ವಿಫಲ ಎಂದಿದೆಯೋ, ಬಾಕಿ ಎಂದಿದೆಯೋ ನೋಡುವುದು. ಬಾಕಿ ಎಂದಿದ್ದಾಗ ಮತ್ತೊಮ್ಮೆ ಕಳಿಸಬೇಡಿ. ಎರಡೂ ಪಾವತಿಗಳು ಆಮೇಲೆ ಒಟ್ಟಿಗೆ ಯಶಸ್ವಿಯಾದರೆ, ಎರಡನೆಯದನ್ನು ವಾಪಸು ಪಡೆಯುವುದು ಅಂಗಡಿಯವರ ಒಪ್ಪಿಗೆಗೆ ಬಿಟ್ಟ ವಿಷಯವಾಗುತ್ತದೆ. ತುರ್ತಾಗಿದ್ದರೆ ನಗದು ಕೊಟ್ಟು, ಡಿಜಿಟಲ್ ಹಣ ತಡವಾಗಿ ಬಂದರೆ ಮರಳಿಸುವಂತೆ ಹೇಳಿ, ವಹಿವಾಟಿನ 12 ಅಂಕಿಗಳ ಉಲ್ಲೇಖ ಸಂಖ್ಯೆಯನ್ನು ಇಬ್ಬರೂ ಬರೆದಿಟ್ಟುಕೊಳ್ಳುವುದು ಲೇಸು. ಬ್ಯಾಂಕಿನಲ್ಲಾಗಲಿ ದೂರು ವಿಭಾಗದಲ್ಲಾಗಲಿ ಮೊದಲು ಕೇಳುವುದು ಈ ಸಂಖ್ಯೆಯನ್ನೇ.

ಹಣ ಮರಳುವ ಗಡುವನ್ನು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ ಸುತ್ತೋಲೆಯಲ್ಲಿ ನಿಗದಿ ಮಾಡಿದೆ. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಯುಪಿಐ ಮೂಲಕ ಕಳಿಸಿದ ಹಣ ಕಡಿತವಾಗಿ ಎದುರಿನ ಖಾತೆಗೆ ಸೇರದಿದ್ದರೆ ವಹಿವಾಟಿನ ಮರುದಿನದೊಳಗೆ ತಾನಾಗಿ ಮರಳಬೇಕು. ವ್ಯಾಪಾರಿಗೆ ಕೊಟ್ಟ ಹಣ ಕಡಿತವಾಗಿ ಅಂಗಡಿಯಲ್ಲಿ ದೃಢೀಕರಣ ಬಾರದಿದ್ದರೆ 5 ದಿನಗಳೊಳಗೆ ಮರಳಬೇಕು. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದೂ, ಅದನ್ನು ಗ್ರಾಹಕರು ಕೇಳದೆಯೇ ಜಮಾ ಮಾಡಬೇಕೆಂದೂ ಅದರಲ್ಲಿದೆ. ಕೌಂಟರಿನಲ್ಲಿ ಈ ಮಾತನ್ನು ಸೌಜನ್ಯದಿಂದ ನೆನಪಿಸಿದರೆ ಕೆಲಸ ಚುರುಕಾಗುವುದುಂಟು.

ತಪ್ಪು ವ್ಯಕ್ತಿಗೆ ಕಳಿಸಿದ ಹಣ ಬೇರೆ ವಿಷಯ. ಅಲ್ಲಿ ವ್ಯವಸ್ಥೆ ಕೆಟ್ಟಿಲ್ಲವಾದ್ದರಿಂದ ಹಣ ತಾನಾಗಿ ಮರಳುವುದಿಲ್ಲ. ಆ್ಯಪಿನಲ್ಲೂ ಬ್ಯಾಂಕಿನಲ್ಲೂ ಕೂಡಲೇ ದೂರು ದಾಖಲಿಸಬೇಕು, ಪಡೆದವರು ಒಪ್ಪಬೇಕು.

ಪಾವತಿ ವಿಫಲವಾದಾಗ ಆ್ಯಪ್ ಒಮ್ಮೊಮ್ಮೆ ಒಂದು ಸಂಕೇತ ತೋರಿಸುತ್ತದೆ. ಜೆಡ್9 ಎಂದರೆ ಖಾತೆಯಲ್ಲಿ ಹಣ ಸಾಲದು, ಜೆಡ್‌ಎಂ ಎಂದರೆ ಪಿನ್ ತಪ್ಪು, ಜೆಡ್6 ಎಂದರೆ ಪಿನ್ ತಪ್ಪಾಗಿ ಹಾಕುವ ಮಿತಿ ಮುಗಿದಿದೆ. ಈ ಮೂರರಲ್ಲೂ ಆ್ಯಪಿನ ದೋಷವಿಲ್ಲ. ಮೂರನೆಯದರಲ್ಲಿ ಕಾಯಬೇಕು ಇಲ್ಲವೇ ಪಿನ್ ಹೊಸದಾಗಿ ಹೊಂದಿಸಿಕೊಳ್ಳಬೇಕು. ಹಣ ಬಂತೋ ಇಲ್ಲವೋ ಎಂದು ಕ್ಷಣಕ್ಷಣಕ್ಕೂ ಬ್ಯಾಲೆನ್ಸ್ ನೋಡುವ ಅಭ್ಯಾಸಕ್ಕೂ ಈಗ ಕಡಿವಾಣವಿದೆ: 2025ರ ಆಗಸ್ಟ್ 1ರಿಂದ ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲ ಮಾತ್ರ ನೋಡಬಹುದು.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಂಥ ಕಡೆ ಸಾವಿರಾರು ಜನ ಒಂದೇ ಟವರಿಗೆ ಜೋತುಬಿದ್ದಾಗ ಮೇಲಿನ ಯಾವ ಉಪಾಯವೂ ನಡೆಯುವುದಿಲ್ಲ. ಜಾತ್ರೆಗೆ ಹೊರಡುವ ಮೊದಲೇ ಪಾವತಿ ಆ್ಯಪಿನೊಳಗಿನ ಚಿಲ್ಲರೆ ಚೀಲವಾದ ಯುಪಿಐ ಲೈಟ್‌ನಲ್ಲಿ ಸ್ವಲ್ಪ ಹಣ ಹಾಕಿಟ್ಟುಕೊಂಡರೆ ಚಿಲ್ಲರೆ ಖರ್ಚು ಪಿನ್ ಇಲ್ಲದೆ, ಬ್ಯಾಂಕಿನ ಸರ್ವರಿಗಾಗಿ ಕಾಯದೆ ಸಾಗುತ್ತದೆ; ಒಟ್ಟು 5,000 ರೂಪಾಯಿವರೆಗೆ ಇಡಬಹುದು, ಒಂದು ಸಲಕ್ಕೆ 1,000 ರೂಪಾಯಿವರೆಗೆ ಕೊಡಬಹುದು. ಇಂಟರ್‌ನೆಟ್ಟೇ ಇಲ್ಲದಿದ್ದರೆ, ಬ್ಯಾಂಕಿನಲ್ಲಿ ದಾಖಲಾದ ಸಂಖ್ಯೆಯಿಂದ *99# ಒತ್ತಿ, ಕನ್ನಡವನ್ನು ಆರಿಸಿಕೊಂಡು ಹಣ ಕಳಿಸುವ ಹಳೆಯ ದಾರಿ ಇನ್ನೂ ತೆರೆದಿದೆ. ಸಾದಾ ಫೋನಿನಲ್ಲೂ ಇದು ನಡೆಯುತ್ತದೆ. ಆದರೂ ಜಾತ್ರೆಗೆ ಕಿಸೆಯಲ್ಲಿ ನಾಲ್ಕು ನೋಟು ಇರಲಿ.

ನೋಂದಣಿಯೇ ಆಗುತ್ತಿಲ್ಲ

ಈ ಭಾಗದಲ್ಲಿ ಅತಿ ಹೆಚ್ಚು ಕಾಣುವ ಕಾರಣ ಫೋನಿನೊಳಗೆ ಇರುವುದೇ ಇಲ್ಲ. ಖಾತೆ ತೆರೆಯುವಾಗ ತಾಯಿಯ ಹೆಸರಿನ ಪಾಸ್‌ಬುಕ್ಕಿಗೆ ಮಗನ ಸಂಖ್ಯೆ ಬರೆಸಿರುತ್ತಾರೆ, ಮಗ ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋಗಿರುತ್ತಾನೆ, ಆ ಸಿಮ್ ಅವನೊಡನೆ ಹೋಗಿರುತ್ತದೆ ಅಥವಾ ರೀಚಾರ್ಜ್ ಇಲ್ಲದೆ ಸತ್ತಿರುತ್ತದೆ. ತಾಯಿಯ ಹೊಸ ಸ್ಮಾರ್ಟ್‌ಫೋನಿನಲ್ಲಿ ಎಷ್ಟು ಸಲ ಆ್ಯಪ್ ಹಾಕಿದರೂ ಖಾತೆ ಸಿಗಲಿಲ್ಲ ಎಂಬ ಉತ್ತರವೇ ಬರುತ್ತದೆ. ಇದಕ್ಕೆ ಇರುವ ಪರಿಹಾರ ಒಂದೇ: ಶಾಖೆಗೆ ಹೋಗಿ, ಗುರುತಿನ ದಾಖಲೆ ಕೊಟ್ಟು, ಖಾತೆದಾರರ ಕೈಯಲ್ಲೇ ಇರುವ ಸಂಖ್ಯೆಯನ್ನು ದಾಖಲಿಸುವುದು. ಡೆಬಿಟ್ ಕಾರ್ಡ್ ಇಲ್ಲದೆ ಆಧಾರ್ ಮೂಲಕ ಯುಪಿಐ ಪಿನ್ ಹೊಂದಿಸುವವರಿಗೆ ಆಧಾರ್‌ನಲ್ಲೂ ಅದೇ ಸಂಖ್ಯೆ ಇರಬೇಕು, ಆ ಬದಲಾವಣೆ ಬೇರೆಯಾಗಿ ಆಗಬೇಕು. ಬಳಕೆ ತಪ್ಪಿ ಕಡಿತಗೊಂಡ ಸಂಖ್ಯೆ 90 ದಿನಗಳ ಬಳಿಕ ಬೇರೊಬ್ಬರ ಪಾಲಾಗಬಹುದು ಎಂಬುದನ್ನು ನೆನೆದರೆ, ಸತ್ತ ಸಂಖ್ಯೆಯನ್ನು ಪಾಸ್‌ಬುಕ್ಕಿನಲ್ಲಿ ಹಾಗೆಯೇ ಬಿಡುವುದು ಎಷ್ಟು ಅಪಾಯವೆಂದು ಬೇರೆ ಹೇಳಬೇಕಿಲ್ಲ.

ಸಂಖ್ಯೆ ಸರಿಯಿದ್ದೂ ನೋಂದಣಿ ನಿಂತರೆ ಎಸ್ಸೆಮ್ಮೆಸ್‌ನ ಕಡೆ ನೋಡಿ. ನೋಂದಣಿಯ ವೇಳೆ ಫೋನು ತಾನೇ ಒಂದು ಸಂದೇಶ ಕಳಿಸುತ್ತದೆ, ಅದು ಆ ಸಿಮ್‌ನಿಂದಲೇ ಹೊರಡಬೇಕು. ಎರಡು ಸಿಮ್ ಇರುವ ಫೋನಿನಲ್ಲಿ ಬೇರೆ ಸಿಮ್ ಆಯ್ಕೆಯಾಗಿದ್ದರೆ, ಪ್ಲಾನಿನಲ್ಲಿ ಎಸ್ಸೆಮ್ಮೆಸ್ ಸೌಲಭ್ಯ ಇಲ್ಲದಿದ್ದರೆ, ಆ್ಯಪಿಗೆ ಎಸ್ಸೆಮ್ಮೆಸ್ ಅನುಮತಿ ಕೊಟ್ಟಿಲ್ಲದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಐಫೋನಿನಲ್ಲಿ ಸಂದೇಶದ ಪರದೆ ತೆರೆದುಕೊಳ್ಳುತ್ತದೆ. ಅದರಲ್ಲಿರುವ ಅಕ್ಷರಗಳನ್ನು ಒಂದಿಷ್ಟೂ ಮುಟ್ಟದೆ ಕಳಿಸು ಒತ್ತಬೇಕು. ಪರೀಕ್ಷಿಸುವ ಸುಲಭ ವಿಧಾನವೆಂದರೆ ಆ ಸಿಮ್‌ನಿಂದ ಮನೆಯವರ ಫೋನಿಗೆ ಒಂದು ಸಾಮಾನ್ಯ ಎಸ್ಸೆಮ್ಮೆಸ್ ಕಳಿಸಿ ನೋಡುವುದು. ಅದೇ ಹೋಗದಿದ್ದರೆ ಬ್ಯಾಂಕಿನದೂ ಹೋಗುವುದಿಲ್ಲ.

ಕಳೆದ ಅಥವಾ ಕೆಟ್ಟ ಸಿಮ್‌ಗೆ ಬದಲಿ ಪಡೆದವರಿಗೆ ಇನ್ನೊಂದು ಸಂಗತಿ ತಿಳಿದಿರಬೇಕು. ವಂಚಕರು ಬೇರೆಯವರ ಸಂಖ್ಯೆಗೆ ನಕಲಿ ಸಿಮ್ ಪಡೆದು ಖಾತೆ ಬರಿದು ಮಾಡುವುದನ್ನು ತಡೆಯಲು, ಬದಲಿ ಸಿಮ್ ಚಾಲೂ ಆದ ಬಳಿಕ 24 ಗಂಟೆ ಎಸ್ಸೆಮ್ಮೆಸ್ ಬರುವುದನ್ನೂ ಹೋಗುವುದನ್ನೂ ತಡೆಹಿಡಿಯಲಾಗುತ್ತದೆ. ಕರೆ ಹೋಗುತ್ತಿದೆ, ಇಂಟರ್‌ನೆಟ್ ಓಡುತ್ತಿದೆ, ಒಟಿಪಿ ಮಾತ್ರ ಬರುತ್ತಿಲ್ಲ ಎಂದು ಸಿಮ್ ಅಂಗಡಿಯವರೊಡನೆ ಜಗಳಕ್ಕಿಳಿಯುವವರಿಗೆ ಹೇಳಬೇಕಾದ ಉತ್ತರ ಇಷ್ಟೇ: ನಾಳೆ ಇದೇ ಹೊತ್ತಿಗೆ ಪ್ರಯತ್ನಿಸಿ.

ಇದೆಲ್ಲ ಸರಿಯಿದ್ದರೆ ದಿನಾಂಕ ಮತ್ತು ಸಮಯ ಸ್ವಯಂಚಾಲಿತವಾಗಿದೆಯೇ, ಇಂಟರ್‌ನೆಟ್ ಸಂಪರ್ಕವನ್ನು ಬೇರೆ ಸರ್ವರಿನ ಮೂಲಕ ಸುತ್ತಿಸುವ ವಿಪಿಎನ್ ಆರಿದೆಯೇ, ಪರದೆ ಹಂಚುವ ಆ್ಯಪ್ ಅಥವಾ ಸೆಟ್ಟಿಂಗ್ಸ್‌ನ ಡೆವಲಪರ್ ಆಯ್ಕೆ ಚಾಲೂ ಇದೆಯೇ ಎಂದು ನೋಡಿ. ಕೆಲವು ಬ್ಯಾಂಕುಗಳ ಆ್ಯಪ್‌ಗಳು ಇವುಗಳಲ್ಲಿ ಒಂದು ಕಂಡರೂ ತೆರೆಯುವುದಿಲ್ಲ.

ಬೆರಳನ್ನು ಫೋನು ಗುರುತಿಸುತ್ತಿಲ್ಲ

ರಬಕವಿ-ಬನಹಟ್ಟಿಯ ನೇಕಾರರಲ್ಲಿ, ಬಣ್ಣ ಹಾಕುವವರಲ್ಲಿ, ಮುಧೋಳ ಕಡೆಯ ಕಬ್ಬು ಕಡಿಯುವವರಲ್ಲಿ ಬೆರಳಿನ ಗೆರೆಗಳು ಸವೆದಿರುವುದು ಸಾಮಾನ್ಯ. ಫೋನಿನ ಸಂವೇದಕವನ್ನು ದೂರಿ ಫಲವಿಲ್ಲ. ಕೆಲಸದಲ್ಲಿ ಕಡಿಮೆ ಸವೆಯುವ ಬೆರಳನ್ನು, ಉದಾಹರಣೆಗೆ ಎಡಗೈಯ ಉಂಗುರದ ಬೆರಳನ್ನು, ಕೈ ತೊಳೆದು ಒರೆಸಿಕೊಂಡ ಮೇಲೆ ನೋಂದಾಯಿಸಿ. ಒಂದೇ ಬೆರಳನ್ನು ಎರಡು ಸಲ ನೋಂದಾಯಿಸಿದರೂ ಗುರುತಿಸುವಿಕೆ ಉತ್ತಮಗೊಳ್ಳುತ್ತದೆ. ಪರದೆಯ ಒಳಗೆ ಸಂವೇದಕವಿರುವ ಫೋನಿಗೆ ದಪ್ಪ ಗ್ಲಾಸ್ ಅಂಟಿಸಿದ್ದರೆ, ಅಂಟಿಸಿದ ಮೇಲೆ ಬೆರಳುಗಳನ್ನು ಅಳಿಸಿ ಹೊಸದಾಗಿ ನೋಂದಾಯಿಸಬೇಕು. ಫೋನು ಆರಿಸಿ ಹಚ್ಚಿದ ಬಳಿಕ ಬೆರಳಿನ ಬದಲು ಪಿನ್ ಅಥವಾ ಪ್ಯಾಟರ್ನ್ ಕೇಳುವುದು ದೋಷವಲ್ಲ, ಅದು ಭದ್ರತೆಯ ನಿಯಮ.

ಮನೆಗೊಂದೇ ಫೋನು ಇರುವ ಕಡೆ ಎಲ್ಲರ ಬೆರಳುಗಳೂ ಅದರಲ್ಲಿ ಸೇರಿರುತ್ತವೆ. ಯುಪಿಐ ಪಿನ್ ಬೇರೆ ಇದ್ದಾಗ ಇದು ದೊಡ್ಡ ವಿಷಯವಾಗಿರಲಿಲ್ಲ. ಆದರೆ 2025ರ ಅಕ್ಟೋಬರಿನಿಂದ ಪಿನ್ ಬದಲು ಬೆರಳು ಅಥವಾ ಮುಖ ತೋರಿಸಿ ಪಾವತಿಸುವ ಆಯ್ಕೆ ಬಂದಿದೆ, ಪಾಸ್‌ಕೀಯಂತೂ ಫೋನು ಒಪ್ಪಿದ ಯಾವ ಬೆರಳಿಗೂ ಬಾಗಿಲು ತೆರೆಯುತ್ತದೆ. ಹಾಗಾಗಿ ಹಂಚಿಕೊಳ್ಳುವ ಫೋನಿನಲ್ಲಿ ಪಾವತಿಗೆ ಪಿನ್ನನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಪಾಸ್‌ಕೀ ಎಲ್ಲಿ ಸಿಕ್ಕಿಕೊಳ್ಳುತ್ತದೆ

2022ರ ಮೇ ತಿಂಗಳಲ್ಲಿ ಆ್ಯಪಲ್, ಗೂಗಲ್ ಮತ್ತು ಮೈಕ್ರೋಸಾಫ್ಟ್ ಒಟ್ಟಾಗಿ ಬೆಂಬಲ ಘೋಷಿಸಿದ ಮೇಲೆ ಪಾಸ್‌ಕೀ ಹರಡಿತು. ಗೂಗಲ್ ಖಾತೆಗೆ 2023ರಲ್ಲಿ ಬಂತು, ವಾಟ್ಸ್‌ಆ್ಯಪ್‌ನಲ್ಲೂ ಈಗ ಇದೆ. ಪಾಸ್‌ಕೀ ಮಾಡಿದಾಗ ಎರಡು ಕೀಲಿಗಳು ಹುಟ್ಟುತ್ತವೆ. ಒಂದು ಜಾಲತಾಣದ ಬಳಿ ಉಳಿಯುತ್ತದೆ, ಗುಟ್ಟಿನದು ನಿಮ್ಮ ಫೋನಿನಲ್ಲಿ, ಅಥವಾ ನಿಮ್ಮ ಗೂಗಲ್ ಇಲ್ಲವೇ ಆ್ಯಪಲ್ ಖಾತೆಯ ಭದ್ರ ಸಂಗ್ರಹದಲ್ಲಿ ಉಳಿಯುತ್ತದೆ. ಬೆರಳಿನ ಗುರುತು ಆ ಗುಟ್ಟಿನ ಕೀಲಿಯನ್ನು ಬಳಸಲು ಅಪ್ಪಣೆ ಕೊಡುತ್ತದೆ ಅಷ್ಟೇ, ಅದು ಫೋನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಪಾಸ್‌ಕೀ ತಾನು ಹುಟ್ಟಿದ ಜಾಲತಾಣದ ವಿಳಾಸಕ್ಕೆ ಮಾತ್ರ ಉತ್ತರಿಸುವುದರಿಂದ ನಕಲಿ ತಾಣದಲ್ಲಿ ಅದು ಕಾಣಿಸಿಕೊಳ್ಳುವುದೇ ಇಲ್ಲ. ನಿನ್ನೆವರೆಗೆ ಬರುತ್ತಿದ್ದ ಪಾಸ್‌ಕೀ ಇಂದು ಯಾರೋ ಕಳಿಸಿದ ಲಿಂಕಿನಲ್ಲಿ ಬಾರದಿದ್ದರೆ, ಸರಿಪಡಿಸಲು ಹೊರಡುವ ಮೊದಲು ವಿಳಾಸದ ಒಂದೊಂದು ಅಕ್ಷರವನ್ನೂ ಓದಿ.

ಪರದೆಯ ಬೀಗ ಇಲ್ಲದ ಫೋನಿನಲ್ಲಿ ಪಾಸ್‌ಕೀ ನಡೆಯುವುದಿಲ್ಲ. ಆಂಡ್ರಾಯ್ಡ್ 9 ಅಥವಾ ಐಒಎಸ್ 16ಕ್ಕಿಂತ ಹಳೆಯದಾದರೂ ನಡೆಯುವುದಿಲ್ಲ. ಐಫೋನಿನಲ್ಲಿ ಪಾಸ್‌ಕೀಗಳನ್ನು ಕಾಯ್ದಿಡುವ ಐಕ್ಲೌಡ್ ಕೀಚೈನ್ ಚಾಲೂ ಇರಬೇಕು. ವಾಟ್ಸ್‌ಆ್ಯಪ್ ಅಥವಾ ಫೇಸ್‌ಬುಕ್‌ನ ಒಳಗೇ ತೆರೆದುಕೊಳ್ಳುವ ಪುಟ್ಟ ಬ್ರೌಸರಿನಲ್ಲಿ ಪಾಸ್‌ಕೀ ಕೈಕೊಡುವುದುಂಟು. ಅದೇ ಪುಟವನ್ನು ಕ್ರೋಮ್ ಅಥವಾ ಸಫಾರಿಯಲ್ಲಿ ತೆರೆದರೆ ಸರಿಹೋಗುತ್ತದೆ.

ಫೋನಿನ ಪಾಸ್‌ಕೀಯಿಂದ ಕಂಪ್ಯೂಟರಿನಲ್ಲಿ ಲಾಗಿನ್ ಆಗುವುದು ಜನ ಹೆಚ್ಚಾಗಿ ಎಡವುವ ಜಾಗ. ಕಂಪ್ಯೂಟರ್ ಪರದೆಯ ಮೇಲೆ ಕ್ಯೂಆರ್ ಕೋಡ್ ಮೂಡುತ್ತದೆ, ಕೈ ಅಭ್ಯಾಸದಿಂದ ಪಾವತಿ ಆ್ಯಪಿಗೆ ಹೋಗುತ್ತದೆ, ಆ್ಯಪ್ ಈ ಕೋಡ್ ಮಾನ್ಯವಲ್ಲ ಎನ್ನುತ್ತದೆ. ಅಂಗಡಿಯ ಕೋಡಿನೊಳಗೆ ಯುಪಿಐ ಎಂದು ಆರಂಭವಾಗುವ ವಿಳಾಸವಿರುತ್ತದೆ, ಲಾಗಿನ್ ಕೋಡಿನೊಳಗೆ ಫಿಡೋ (FIDO) ಎಂದು ಆರಂಭವಾಗುವ ಅಂಕಿಗಳ ಸಾಲಿರುತ್ತದೆ. ಒಂದರ ಆ್ಯಪಿಗೆ ಇನ್ನೊಂದು ಅರ್ಥವಾಗದು. ಲಾಗಿನ್ ಕೋಡನ್ನು ಫೋನಿನ ಸಾದಾ ಕ್ಯಾಮೆರಾದಿಂದ ಅಥವಾ ಗೂಗಲ್ ಲೆನ್ಸ್‌ನಿಂದ ಹಿಡಿಯಬೇಕು. ಎರಡೂ ಸಾಧನಗಳಲ್ಲಿ ಬ್ಲೂಟೂತ್ ಚಾಲೂ ಇರಬೇಕು, ಎರಡಕ್ಕೂ ಇಂಟರ್‌ನೆಟ್ ಇರಬೇಕು. ಜೋಡಿಸುವ ಅಗತ್ಯವಿಲ್ಲ, ಫೋನು ಕಂಪ್ಯೂಟರಿನ ಹತ್ತಿರವೇ ಇದೆ, ದೂರದ ವಂಚಕ ಕೋಡಿನ ಚಿತ್ರ ಕಳಿಸಿ ಮೋಸ ಮಾಡುತ್ತಿಲ್ಲ ಎಂದು ಖಚಿತಪಡಿಸಲು ಮಾತ್ರ ಬ್ಲೂಟೂತ್ ಬೇಕು. ಬ್ಲೂಟೂತ್ ಇಲ್ಲದ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಈ ದಾರಿ ಮುಚ್ಚಿದೆ ಎಂದೇ ತಿಳಿಯಿರಿ.

ಗ್ರಾಮ ಒನ್ ಕೇಂದ್ರದಲ್ಲೋ ಸೈಬರ್ ಸೆಂಟರಿನಲ್ಲೋ ಲಾಗಿನ್ ಆಗಬೇಕಾದವರಿಗೆ ಈ ಕ್ಯೂಆರ್ ವಿಧಾನವೇ ಸುರಕ್ಷಿತ, ಏಕೆಂದರೆ ಅಲ್ಲಿಯ ಕೀಬೋರ್ಡಿನಲ್ಲಿ ಪಾಸ್‌ವರ್ಡ್ ಒತ್ತಬೇಕಾಗಿಲ್ಲ. ಲಾಗಿನ್ ಆದ ಮೇಲೆ ಈ ಕಂಪ್ಯೂಟರಿನಲ್ಲಿ ಪಾಸ್‌ಕೀ ರಚಿಸಲೇ ಎಂದು ಕೇಳಿದರೆ ಬೇಡ ಎನ್ನಿ, ಕೆಲಸ ಮುಗಿದ ಕೂಡಲೇ ಲಾಗೌಟ್ ಆಗಿ.

ಫೋನು ಬದಲಿಸುವ ಕ್ರಮ

ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟ ಮೇಲೆ ನೆನಪಾಗುವ ಸಂಗತಿಗಳು ಹಲವು. ಯುಪಿಐ ಲೈಟ್‌ನಲ್ಲಿರುವ ಹಣ ಆ ಫೋನಿಗೇ ಅಂಟಿಕೊಂಡಿರುತ್ತದೆ; ಮೊದಲು ಅದನ್ನು ನಿಷ್ಕ್ರಿಯಗೊಳಿಸಿದರೆ ಉಳಿದ ಮೊತ್ತ ಖಾತೆಗೆ ಮರಳುತ್ತದೆ. ವಾಲೆಟ್‌ನಲ್ಲಿರುವ ಹಣ ಕಂಪನಿಯ ಬಳಿ ನಿಮ್ಮ ಸಂಖ್ಯೆಯ ಹೆಸರಿನಲ್ಲಿ ಇರುವುದರಿಂದ ಹೊಸ ಫೋನಿನಲ್ಲಿ ಲಾಗಿನ್ ಆದರೆ ಸಿಗುತ್ತದೆ. ಯುಪಿಐ ಹಣ ಬ್ಯಾಂಕಿನಲ್ಲೇ ಇರುತ್ತದೆ.

ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಹೋಗುವವರು ಹಳೆಯ ಫೋನಿನ ಪ್ಯಾಟರ್ನ್ ಅಥವಾ ಪಿನ್ನನ್ನು ಮರೆಯಬಾರದು, ಏಕೆಂದರೆ ಗೂಗಲ್ ಖಾತೆಯಲ್ಲಿ ಉಳಿದ ಪಾಸ್‌ಕೀಗಳನ್ನು ಹೊಸ ಫೋನು ತೆರೆಯುವಾಗ ಹಳೆಯ ಫೋನಿನ ಬೀಗವನ್ನೇ ಅಥವಾ ಗೂಗಲ್ ಪಾಸ್‌ವರ್ಡ್ ಮ್ಯಾನೇಜರಿನ ಪಿನ್ನನ್ನು ಕೇಳುತ್ತದೆ. ಆಂಡ್ರಾಯ್ಡ್‌ನಿಂದ ಐಫೋನಿಗೆ ಹೋಗುವವರು ಪಾಸ್‌ಕೀಗಳು ತಾವಾಗಿ ಬರುತ್ತವೆಂದು ನಂಬಿ ಕೂರಬಾರದು. ಎರಡೂ ಫೋನುಗಳು ಕೈಯಲ್ಲಿರುವಾಗಲೇ, ಹಳೆಯದರಿಂದ ಕ್ಯೂಆರ್ ಹಿಡಿದು ಹೊಸದರಲ್ಲಿ ಲಾಗಿನ್ ಆಗಿ, ಪ್ರತಿ ಮುಖ್ಯ ಖಾತೆಗೂ ಅಲ್ಲಿ ಹೊಸ ಪಾಸ್‌ಕೀ ಮಾಡಿಕೊಳ್ಳಬೇಕು. ಅದು ನಡೆಯುತ್ತಿದೆ ಎಂದು ನೋಡಿಕೊಂಡ ಮೇಲಷ್ಟೇ ಹಳೆಯದನ್ನು ಖಾತೆಯ ಭದ್ರತಾ ಪುಟದಿಂದ ತೆಗೆಯಿರಿ, ಆಮೇಲೆ ಫೋನನ್ನು ಅಳಿಸಿ ಕೊಡಿ. ಮೊಬೈಲ್ ಸಂಖ್ಯೆಯ ಜೊತೆಗೆ ಒಂದು ಪರ್ಯಾಯ ಇಮೇಲ್ ವಿಳಾಸವೂ ಖಾತೆಯಲ್ಲಿ ಇರಲಿ.

ಸಹಾಯ ಕೇಳುವಾಗ, ದೂರು ಕೊಡುವಾಗ

ಗ್ರಾಹಕ ಸೇವೆಯ ಸಂಖ್ಯೆಯನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ. ಹುಡುಕಾಟದಲ್ಲಿ ಮೇಲೆ ಬರುವ ಸಂಖ್ಯೆಗಳಲ್ಲಿ ವಂಚಕರವೂ ಇರುತ್ತವೆ. ಆ್ಯಪಿನ ಒಳಗಿನ ಸಹಾಯ ವಿಭಾಗದಲ್ಲಿ, ಆ ನಿರ್ದಿಷ್ಟ ವಹಿವಾಟಿನ ಪುಟದಿಂದಲೇ ದೂರು ದಾಖಲಿಸಿ. ಹಣ ಮರಳಿಸುತ್ತೇವೆ, ಪಿನ್ ಒತ್ತಿ, ಕೋಡ್ ಸ್ಕ್ಯಾನ್ ಮಾಡಿ, ಪರದೆ ತೋರಿಸುವ ಆ್ಯಪ್ ಹಾಕಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಕರೆ ಕಡಿದುಹಾಕಿ. ಹಣ ಪಡೆಯಲು ಪಿನ್ ಬೇಡ.

ಆ್ಯಪಿನವರಿಂದ ಪರಿಹಾರ ಬಾರದಿದ್ದರೆ ಉಲ್ಲೇಖ ಸಂಖ್ಯೆಯೊಡನೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ವಂಚನೆಯಾಗಿದ್ದರೆ ಈ ಮೆಟ್ಟಿಲುಗಳನ್ನು ಹತ್ತುತ್ತ ಕೂರದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಏಕೆಂದರೆ ಹಣ ಮುಂದಿನ ಖಾತೆಗಳಿಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಆರಂಭದ ಹೊತ್ತಿನಲ್ಲೇ ಹೆಚ್ಚು.

ಫೋನೇ ಕಳೆದುಹೋದರೆ ಮೊದಲು ಮೊಬೈಲ್ ಕಂಪನಿಗೆ ಹೇಳಿ ಸಿಮ್ ನಿಲ್ಲಿಸಿ, ಬ್ಯಾಂಕಿಗೆ ಹೇಳಿ ಯುಪಿಐ ತಡೆಹಿಡಿಸಿ, ಮನೆಯ ಇನ್ನೊಂದು ಸಾಧನದಿಂದ ಗೂಗಲ್ ಅಥವಾ ಆ್ಯಪಲ್ ಖಾತೆಗೆ ಹೋಗಿ ಕಳೆದ ಫೋನನ್ನು ಹೊರಹಾಕಿ. ಪೊಲೀಸ್ ದೂರಿನ ಪ್ರತಿ ಸಿಕ್ಕ ಮೇಲೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಕೊಟ್ಟು ಆ ಫೋನು ಯಾವ ಸಿಮ್‌ಗೂ ಕೆಲಸ ಮಾಡದಂತೆ ತಡೆಯಬಹುದು. ಆ ಸಂಖ್ಯೆ ಫೋನಿನ ಪೆಟ್ಟಿಗೆಯ ಮೇಲೂ ಖರೀದಿಯ ಬಿಲ್ಲಿನ ಮೇಲೂ ಅಚ್ಚಾಗಿರುತ್ತದೆ, ಆದ್ದರಿಂದ ಅವೆರಡನ್ನೂ ಪಾಸ್‌ಬುಕ್ ಇಡುವ ಜಾಗದಲ್ಲೇ ಇಡಿ.